ಚಪ್ಪಲಿ ಬೇಕು, ಹರಳಯ್ಯ ಬೇಡ

ಬೆಂಗಳೂರಿನಲ್ಲಿ ಈಗ ಎರಡು ಮಾತು ಬಹಳ ಓಡಾಡುತ್ತಿವೆ. ಒಂದು, ‘ಇಲ್ಲಿನ ಕೈಕಸುಬಿನವರಿಂದಲೇ ಕೊಳ್ಳಿ’. ಇನ್ನೊಂದು, ‘ನಗರದ ಮರೆತುಹೋದ ಮೂಲೆಗಳನ್ನು ಕಂಡುಹಿಡಿಯಿರಿ’. ಭಾನುವಾರ ಬೆಳಿಗ್ಗೆ ಇಪ್ಪತ್ತು ಮೂವತ್ತು ಜನ ನೀರಿನ ಬಾಟಲಿ, ಕ್ಯಾಮೆರಾ ಹಿಡಿದು ಹಳೇ ಪೇಟೆಯ ಗಲ್ಲಿಗಳಲ್ಲಿ ನಡೆಯುತ್ತಾರೆ. ಮುಂದೆ ಒಬ್ಬರು ಇಂಗ್ಲಿಷಿನಲ್ಲಿ ವಿವರಿಸುತ್ತಾ ಹೋಗುತ್ತಾರೆ. ಮಡಕೆ ತಟ್ಟುವವನ ಅಂಗೈ, ಬುಟ್ಟಿ ಹೆಣೆಯುವವಳ ಬೆರಳು, ಚಪ್ಪಲಿ ಹೊಲಿಯುವವನ ಉಳಿ, ಎಲ್ಲದರ ಫೋಟೊ ಬೀಳುತ್ತದೆ. ಮುಂದೊಂದು ದಿನ ‘ಸಂತೆ’ ಎಂದು ಬೋರ್ಡು ಹಾಕಿದ ಮೈದಾನದಲ್ಲಿ ಅದೇ ಮಡಕೆ, ಅದೇ ಬುಟ್ಟಿ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತವೆ. ಆ ಸಂತೆಗೆ ಒಳಗೆ ಹೋಗಲೂ ಟಿಕೀಟು.

ಇದರಲ್ಲಿ ಕೆಟ್ಟದ್ದೇನಿದೆ ಅಂತ ಕೇಳುತ್ತೀರಿ. ಪ್ಲಾಸ್ಟಿಕ್ ಬುಟ್ಟಿಗಿಂತ ಬಿದಿರಿನ ಬುಟ್ಟಿ ಒಳ್ಳೆಯದು. ದೊಡ್ಡ ಕಂಪನಿಯ ಖಜಾನೆಗೆ ಹೋಗುವ ದುಡ್ಡು ಒಬ್ಬ ಬಡವನ ಮನೆಯ ಒಲೆ ಉರಿಸಿದರೆ ಅದೂ ಒಳ್ಳೆಯದೇ. ನಾವು ಅದನ್ನು ಅಲ್ಲಗಳೆಯುವವರಲ್ಲ. ನಮ್ಮ ಪ್ರಶ್ನೆ ಬೇರೆ. ಮಾಡಿದ ವಸ್ತುವನ್ನು ಮನೆಯೊಳಗೆ ಕರೆದುಕೊಂಡು, ಮಾಡಿದವನನ್ನು ಹೊಸಿಲ ಆಚೆ ನಿಲ್ಲಿಸುವುದು ಯಾವ ನೀತಿ? ಮೆಚ್ಚುಗೆ ಎಂಬುದು ಸಮಾನತೆಗೆ ಬದಲಿಯಾಗಿ ಕೊಡುವ ಚಿಲ್ಲರೆಯೇ?

ನಾವು ಎಂದರೆ ಯಾರು ಎಂದು ಮೊದಲೇ ಹೇಳಿಬಿಡುವುದು ಮೇಲು. ಹೆಬ್ಬೆಟ್ಟು ಒತ್ತಿದ ಮನೆಗಳಿಂದ ಮೊದಲ ಸಲ ಡಿಗ್ರಿ ಸರ್ಟಿಫಿಕೇಟು ಹಿಡಿದು ಬಂದವರು. ಅಜ್ಜನದು ತೊಗಲು ಹದ ಮಾಡಿದ ಕೈ, ಅಪ್ಪನದು ಕೂಲಿಯ ಕೈ, ನಮ್ಮದು ಪೆನ್ನಿನ ಕೈ. ಆದ್ದರಿಂದ ‘ಕೈಕಸುಬು’ ಎಂಬ ಮಾತನ್ನು ಕೇಳಿದಾಗ ನಮಗೆ ಮೊದಲು ನೆನಪಾಗುವುದು ಅಂಗಡಿಯ ಗಾಜಿನ ಕಪಾಟು ಅಲ್ಲ, ಸುಣ್ಣದ ತೊಟ್ಟಿಯ ನಾತ.

‘ಕಂಡುಹಿಡಿಯುವುದು’ ಎಂಬ ಮಾತನ್ನೇ ಮೊದಲು ನೋಡೋಣ. ಕಳೆದುಹೋದದ್ದನ್ನು ಅಲ್ಲವೇ ಕಂಡುಹಿಡಿಯುವುದು? ನಮ್ಮ ಕೇರಿಗಳು ಯಾವತ್ತೂ ಕಳೆದುಹೋಗಿರಲಿಲ್ಲ ಸ್ವಾಮಿ. ಅಲ್ಲಿದ್ದವರಿಗೆ ಅವು ಗೊತ್ತಿದ್ದವು. ಓಟು ಕೇಳುವವನು ಐದು ವರ್ಷಕ್ಕೊಮ್ಮೆ ತಪ್ಪದೆ ಕಂಡುಹಿಡಿಯುತ್ತಾನೆ. ಬಡ್ಡಿಯವನು ವಾರಕ್ಕೊಮ್ಮೆ ಕಂಡುಹಿಡಿಯುತ್ತಾನೆ. ರಸ್ತೆ ಅಗಲ ಮಾಡಬೇಕಾದಾಗ ಜೆಸಿಬಿ ಯಂತ್ರ ರಾತ್ರಿ ಹೊತ್ತಿನಲ್ಲೂ ದಾರಿ ತಪ್ಪದೆ ಬಂದು ಕಂಡುಹಿಡಿಯುತ್ತದೆ. ಕಾಣದೆ ಇದ್ದದ್ದು ಬಡಾವಣೆಯ ಮೆಲುದನಿಯ ಸಜ್ಜನರಿಗೆ ಮಾತ್ರ. ಒಂದು ಬೀದಿಯನ್ನು ನೂರು ವರ್ಷ ನೋಡದೆ ಇರುವುದಕ್ಕೂ ಒಂದು ಅಭ್ಯಾಸ ಬೇಕು. ಆ ಅಭ್ಯಾಸದ ಹೆಸರು ಜಾತಿ.

ಬೆಂಗಳೂರಿನ ಹಳೇ ಪೇಟೆಗಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ. ಕೆಂಪೇಗೌಡ 1537ರಲ್ಲಿ ಕಟ್ಟಿದನೆಂದು ಹೇಳುವ ಈ ಊರು ಕಸುಬುಗಳ ಊರು. ಒಂದೊಂದು ಕಸುಬಿಗೆ ಒಂದೊಂದು ಬೀದಿ, ಒಂದೊಂದು ಬೀದಿಗೆ ಒಂದೊಂದು ಜಾತಿ. ಇದನ್ನು ಕೇಳಿ ಪರಂಪರೆ ಪ್ರಿಯರು ತಲೆದೂಗುತ್ತಾರೆ. ನಾವು ಈ ಪಟ್ಟಿಯನ್ನು ಬೇರೆ ಕಣ್ಣಿನಿಂದ ಓದುತ್ತೇವೆ. ಗಾಣಿಗನ ಎತ್ತಿಗೆ ಮಿಣಿ ಬೇಡವಾಗಿತ್ತೇ? ಅಕ್ಕಿಪೇಟೆಯ ಸಾಹುಕಾರನ ಕಾಲಿಗೆ ಮೆಟ್ಟು ಬೇಡವಾಗಿತ್ತೇ? ದೇವರ ಉತ್ಸವಕ್ಕೆ ತಮಟೆ ಬೇಡವಾಗಿತ್ತೇ? ಎಲ್ಲಕ್ಕೂ ತೊಗಲು ಬೇಕಾಗಿತ್ತು. ಆದರೂ ತೊಗಲು ಹದ ಮಾಡಿದವನ ಹೆಸರಿನ ಒಂದು ಪೇಟೆಯನ್ನು ಈ ಹೆಸರುಗಳ ನಡುವೆ ನಾವು ಹುಡುಕಿದೆವು, ಸಿಗಲಿಲ್ಲ. ಅವನು ಊರ ಹೊರಗಿನವನು. ಊರೊಳಗಿನ ಪಟ್ಟಿಗೆ ಸೇರಬೇಕಾದರೆ ಊರೊಳಗೆ ಇರಬೇಕಲ್ಲ.

ಇನ್ನೊಂದು ವಿಚಿತ್ರ ಕೇಳಿ. 1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ದಂಡು ಕಟ್ಟಿದರು. ಸೈನಿಕನಿಗೆ ಬೂಟು ಬೇಕು, ಕುದುರೆಗೆ ಜೀನು ಬೇಕು, ಸೊಂಟಕ್ಕೆ ಪಟ್ಟಿ ಬೇಕು. ದಂಡಿನ ಆ ಭಾಗದಲ್ಲಿ ಇವತ್ತಿಗೂ ಟ್ಯಾನರಿ ರಸ್ತೆ ಎಂಬ ರಸ್ತೆ ಇದೆ. ಅದಕ್ಕೆ ಹತ್ತಿರದಲ್ಲೇ ಪಾಟರಿ ಟೌನ್ ಇದೆ. ಶಿವಾಜಿನಗರದ ಕಡೆ ಬಂಬೂ ಬಜಾರ್ ಇದೆ. ಟ್ಯಾನರಿ ಎಂದರೆ ತೊಗಲು ಹದ ಮಾಡುವ ಜಾಗ. ಬ್ರಿಟಿಷರು ನಮ್ಮ ಉದ್ಧಾರಕ್ಕೆ ಬಂದವರಲ್ಲ. ಅವರಿಗೆ ಬೇಕಾದದ್ದು ಬೂಟು. ಆದರೂ ನಮ್ಮ ಅಜ್ಜಂದಿರ ಕಸುಬಿಗೆ ಒಂದು ರಸ್ತೆಯ ಫಲಕ ಸಿಗಬೇಕಾದರೆ ಅದು ಇಂಗ್ಲಿಷಿನಲ್ಲಿ ಸಿಗಬೇಕಾಯಿತು! ಕನ್ನಡದಲ್ಲಿ ನಮ್ಮ ಕಸುಬಿನ ಮಾತುಗಳಿಗೆ ಸಿಕ್ಕ ಜಾಗ ಯಾವುದು? ಬೈಗುಳ. ‘ಎಕ್ಕಡದಲ್ಲಿ ಹೊಡೀತೀನಿ’ ಎನ್ನುತ್ತಾನೆ ಯಜಮಾನ. ಎಕ್ಕಡ ಮಾಡಿಕೊಟ್ಟವನಿಗೇ ಆ ಮಾತು. ಮಾಡಿದವನು ತನ್ನದೇ ಎಕ್ಕಡ ಮೆಟ್ಟಿಕೊಂಡು ಮೇಲ್ಜಾತಿಯ ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ. ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಹೋಗಬೇಕಾಗಿತ್ತು. ಇದು ಪುರಾಣದ ಕಾಲದ ಮಾತಲ್ಲ. ನಮ್ಮ ಅಜ್ಜಂದಿರ ಪಾದಗಳಿಗೆ ಗೊತ್ತಿದ್ದ ಮಾತು.

ಈಗ ಚಪ್ಪಲಿಯ ಮಾತಿಗೇ ಬರೋಣ. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿ ಕೊಲ್ಲಾಪುರದಲ್ಲಿ ಮಾತ್ರ ಆಗುವುದಲ್ಲ. ನಮ್ಮ ಅಥಣಿ, ನಿಪ್ಪಾಣಿ ಸೀಮೆಯ ಮನೆಗಳಲ್ಲೂ ಆಗುತ್ತದೆ. ಢೋರರು ಸುಣ್ಣ, ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡಿದರೆ ಸಮಗಾರರು ಕತ್ತರಿಸಿ ಹೊಲಿಯುತ್ತಾರೆ. ಹೊಲಿಗೆ, ಮೇಲಿನ ಸಣ್ಣ ಹೆಣಿಕೆಯ ಕೆಲಸ ಬಹಳವಾಗಿ ಹೆಣ್ಣುಮಕ್ಕಳದು. ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. 2019ರಲ್ಲಿ ಈ ಚಪ್ಪಲಿಗೆ ಜಿಐ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಒಟ್ಟು ಎಂಟು ಜಿಲ್ಲೆಗಳಲ್ಲಿ ಆದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು ಎಂದಾಯಿತು. ಸಂತೋಷ. ಆದರೆ ಗಮನಿಸಿ: ಈ ಗುರುತು ಜಿಲ್ಲೆಗೆ ಸಿಗುತ್ತದೆ. ಹೊಲಿದ ಬೆರಳಿಗೆ ಬೆಲೆ ಎಷ್ಟು ಎಂದು ಅದು ಹೇಳುವುದಿಲ್ಲ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಕಂಪನಿ ಇದೇ ಬಗೆಯ ಚಪ್ಪಲಿಯನ್ನು ರೂಪದರ್ಶಿಗಳ ಕಾಲಿಗೆ ಹಾಕಿಸಿ ನಡೆಸಿತು. ಎಲ್ಲಿಯದು, ಯಾರದು ಎಂದು ಹೇಳಲಿಲ್ಲ. ಇಲ್ಲಿ ಗದ್ದಲ ಎದ್ದಿತು. ‘ನಮ್ಮ ಪರಂಪರೆ ಕದ್ದರು’, ‘ನಮ್ಮ ಸಂಸ್ಕೃತಿಗೆ ಅವಮಾನ’ ಎಂದು ದೊಡ್ಡ ದೊಡ್ಡವರೆಲ್ಲ ಕೂಗಿದರು. ಭಾರತದ ಕಸುಬಿನಿಂದ ಸ್ಫೂರ್ತಿ ಪಡೆದದ್ದು ಹೌದು ಎಂದು ಕಂಪನಿ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡು ರಾಜ್ಯಗಳ ಚರ್ಮ ನಿಗಮಗಳಾದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದವೂ ಆಯಿತು. ಎರಡು ಸಾವಿರ ಜೊತೆ ಚಪ್ಪಲಿ, ಜೊತೆಗೆ ಸುಮಾರು 800 ಯೂರೋ ಎಂಬ ಸುದ್ದಿ ಬಂತು. ನಮ್ಮ ಲೆಕ್ಕದಲ್ಲಿ 80,000 ರೂಪಾಯಿಗೂ ಮೇಲೆ.

ಆ ಗದ್ದಲದಲ್ಲಿ ನಮಗೆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ‘ನಮ್ಮ’. ಚಪ್ಪಲಿ ಯಾವತ್ತಿನಿಂದ ‘ನಮ್ಮದು’ ಆಯಿತು? ತೊಗಲು ಹದ ಮಾಡುವಾಗ ಅದು ‘ಅವರದು’. ನಾತ ‘ಅವರದು’. ಸತ್ತ ದನ ಎಳೆಯುವಾಗ ‘ಅವರದು’. ಕೇರಿ ‘ಅವರದು’. ಮಿಲಾನಿನ ದೀಪದ ಕೆಳಗೆ ಬಂದೊಡನೆ ಅದು ‘ನಮ್ಮ ಭವ್ಯ ಪರಂಪರೆ’! ವಿದೇಶಿ ಕಂಪನಿ ಹೆಸರು ಹೇಳದೆ ಕದ್ದದ್ದು ನಿಜ. ಆದರೆ ಇಲ್ಲಿ ಗಂಟಲು ಹರಿದುಕೊಂಡವರಲ್ಲಿ ಎಷ್ಟು ಜನ ಸಮಗಾರ, ಢೋರ ಎಂಬ ಹೆಸರನ್ನು ಉಚ್ಚರಿಸಿದರು? ‘ಕುಶಲಕರ್ಮಿಗಳು’ ಎಂದರು. ಕುಶಲಕರ್ಮಿ ಎಂಬುದು ಬಹಳ ಅನುಕೂಲವಾದ ಪದ. ಅದರಲ್ಲಿ ಕಸುಬು ಕಾಣುತ್ತದೆ, ಕೇರಿ ಕಾಣುವುದಿಲ್ಲ. ಕೈ ಕಾಣುತ್ತದೆ, ಆ ಕೈ ಮುಟ್ಟಿದ ನೀರನ್ನು ಕುಡಿಯದವನು ಕಾಣುವುದಿಲ್ಲ.

ಚಪ್ಪಲಿಯನ್ನು ಕೊಂಡಾಡುವ ಇದೇ ದೇಶದಲ್ಲಿ 2016ರ ಜುಲೈನಲ್ಲಿ ಗುಜರಾತಿನ ಊನಾ ಬಳಿ ಸತ್ತ ಹಸುವಿನ ತೊಗಲು ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರೆನಿಸಿಕೊಂಡವರು ಹಿಡಿದು, ಅರೆಬೆತ್ತಲೆ ಮಾಡಿ, ಕಾರಿಗೆ ಕಟ್ಟಿ ಹೊಡೆದರು. ಹೊಡೆದದ್ದನ್ನು ತಾವೇ ವಿಡಿಯೊ ಮಾಡಿ ಹಂಚಿದರು. ಆಮೇಲೆ ಏನಾಯಿತು ಎಂಬುದು ನಮ್ಮ ಚರ್ಚೆಗೆ ಬಹಳ ಮುಖ್ಯ. ಅಲ್ಲಿನ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಹಾಕಿದರು. ಇನ್ನು ಮೇಲೆ ನಾವು ಈ ಕೆಲಸ ಮಾಡುವುದಿಲ್ಲ ಎಂದರು. ಆಗಸ್ಟ್ 15ರಂದು ಊನಾದಲ್ಲಿ ಸೇರಿ ಭೂಮಿ ಕೇಳಿದರು. ತೊಗಲಿಗೆ ಒಳ್ಳೆಯ ಬೆಲೆ ಕೊಡಿ ಎನ್ನಲಿಲ್ಲ. ನೆಲ ಕೊಡಿ, ಈ ಕೆಲಸವನ್ನು ಬಿಡುವ ಶಕ್ತಿ ಕೊಡಿ ಎಂದರು.

ಇಲ್ಲಿಗೆ ಪ್ರಶ್ನೆ ಬಿಗಿಯಾಗುತ್ತದೆ. ‘ಸ್ಥಳೀಯ ಕಸುಬನ್ನು ಉಳಿಸಿ’ ಎನ್ನುವ ಒಳ್ಳೆಯ ಮನಸ್ಸಿನವನಿಗೆ ಊನಾದ ಈ ನಿರಾಕರಣೆ ಅರ್ಥವಾಗುತ್ತದೆಯೇ? ಅವನಿಗೆ ಕಸುಬು ಸತ್ತರೆ ದುಃಖ. ಕಸುಬಿನಿಂದ ಒಂದು ಹುಡುಗಿ ತಪ್ಪಿಸಿಕೊಂಡು ನರ್ಸ್ ಆದರೆ, ಒಬ್ಬ ಹುಡುಗ ಮೇಷ್ಟ್ರಾದರೆ ಅವನು ‘ಅಯ್ಯೋ, ಮುಂದಿನ ತಲೆಮಾರು ಈ ಕಲೆಯನ್ನು ಮುಂದುವರಿಸುತ್ತಿಲ್ಲವಲ್ಲ’ ಎಂದು ಮರುಗುತ್ತಾನೆ. ಅವನ ಮಗ ಮಾತ್ರ ಅವನ ತಾತನ ಕಸುಬು ಮುಂದುವರಿಸುವುದಿಲ್ಲ; ಅಮೆರಿಕದಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ಪರಂಪರೆ ಉಳಿಸುವ ಹೊಣೆ ನಮ್ಮ ಮಕ್ಕಳದು, ಬದಲಾಗುವ ಹಕ್ಕು ಅವರ ಮಕ್ಕಳದು.

ಈ ಜಗಳ ಹೊಸದಲ್ಲ. ಗಾಂಧೀಜಿ 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದರು. ಹಳ್ಳಿಯ ಕೈಕೆಲಸಕ್ಕೆ ಗೌರವ ಬರಲಿ ಎಂಬ ಅವರ ಆಸೆ ಸುಳ್ಳಲ್ಲ. ಆದರೆ ಹೊಟ್ಟೆಪಾಡಿಗೆ ಅಪ್ಪನ ಕಸುಬನ್ನೇ ಮಗ ಹಿಡಿಯಲಿ ಎಂಬ ವರ್ಣದ ಮಾತನ್ನೂ ಅವರು ಸಮರ್ಥಿಸಿದ್ದರು. ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದಾಗ ಇದರ ಬುಡಕ್ಕೇ ಕೈ ಹಾಕಿದರು. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇಲಿ ಹಾಕಿ ಮೇಲೆ ಕೆಳಗೆ ಕೂರಿಸುತ್ತದೆ ಎಂದು ತೋರಿಸಿದರು. ಮಗುವಿನ ಶಕ್ತಿ ಏನು, ಇಷ್ಟ ಏನು ಎಂದು ಕೇಳುವ ಮೊದಲೇ ಅಪ್ಪನ ಉಳಿಯನ್ನು ಅದರ ತೊಟ್ಟಿಲಲ್ಲಿಡುವ ವ್ಯವಸ್ಥೆ ಇದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನು ಹಾಡಿ ಹೊಗಳುತ್ತಿದ್ದವರ ಮುಂದೆ ನಿಂತು ಹಳ್ಳಿಯ ಈ ಸ್ಥಳೀಯತೆಯನ್ನೇ ಅವರು ಖಂಡಿಸಿದರು. ಆದ್ದರಿಂದ ‘ಸ್ಥಳೀಯ’ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆಣ್ಣೆಯಂತೆ ಕರಗುವುದು ನಮ್ಮಿಂದ ಆಗುವುದಿಲ್ಲ. ಬಿಟ್ಟಿ ಚಾಕರಿಯೂ ಸ್ಥಳೀಯವೇ. ಬೇರೆ ಲೋಟವೂ ಸ್ಥಳೀಯ ಉತ್ಪನ್ನವೇ.

ಹಾಗಾದರೆ ಕಸುಬೆಲ್ಲ ಸಾಯಲಿ ಎನ್ನೋಣವೇ? ನಮ್ಮ ಸಂಘಟನೆಗಳಲ್ಲೇ ಈ ಬಗ್ಗೆ ಎರಡು ಮಾತುಗಳಿವೆ. ‘ಉಳಿ, ರಂಪಿಗೆ, ತಮಟೆ ಎಲ್ಲ ಸುಟ್ಟುಹಾಕ್ರಪ್ಪ, ಅವು ನಮ್ಮ ಕೊರಳಿಗೆ ಕಟ್ಟಿದ ಗಂಟೆ’ ಎನ್ನುವವರಿದ್ದಾರೆ. ಅವರ ಸಿಟ್ಟು ನಮಗೆ ಗೊತ್ತು. ಇನ್ನೊಂದು ಕಡೆಯವರು, ‘ಸಾವಿರ ವರ್ಷ ಕಲಿತ ವಿದ್ಯೆ ಅದು, ಅವಮಾನ ಮಾಡಿದವನು ಅವನು, ವಿದ್ಯೆಯನ್ನ ಯಾಕೆ ಬಿಡಬೇಕು?’ ಎನ್ನುತ್ತಾರೆ. ತಮಟೆಯನ್ನೇ ನೋಡಿ. ಸಾವಿಗೆ, ಮಾರಿಹಬ್ಬಕ್ಕೆ ಗುಡಿಯ ಹೊರಗೆ ನಿಂತು ಬಡಿಯಬೇಕಾಗಿದ್ದ ಅದೇ ತಮಟೆಯನ್ನು ನಮ್ಮ ಹುಡುಗ ಹುಡುಗಿಯರು ಮೆರವಣಿಗೆಯ ಮುಂದೆ ತಂದು ನಿಲ್ಲಿಸಿದರು. ತೊಗಲು ಅದೇ, ಬಡಿಯುವ ಕೈಯೂ ಅದೇ. ಬದಲಾದದ್ದು ಒಂದೇ: ಯಾರೋ ಹೇಳಿದರೆಂದು ಬಡಿಯುವುದು ನಿಂತು, ತಾವು ತೀರ್ಮಾನಿಸಿ ಬಡಿಯುವುದು ಶುರುವಾಯಿತು.

ನಮ್ಮ ಉತ್ತರ ಇಲ್ಲಿದೆ. ಕಸುಬನ್ನು ಬಿಡಲು ಸ್ವತಂತ್ರನಾದವನು ಮಾತ್ರ ಅದನ್ನು ಮರ್ಯಾದೆಯಿಂದ ಮಾಡಬಲ್ಲ. ಬಿಡುವ ದಾರಿಯೇ ಇಲ್ಲದವನ ಕೈಯಲ್ಲಿ ಅತ್ಯಂತ ಚಂದದ ವಸ್ತು ಹುಟ್ಟಿದರೂ ಅದು ಬಂಧನದಲ್ಲಿ ಹುಟ್ಟಿದ ಚಂದ. ಆದ್ದರಿಂದ ತಯಾರಿಸುವವನಿಗೆ ಬೆಂಬಲ ಎಂದರೆ ಅವನು ಆ ಕೆಲಸದಲ್ಲಿ ಇರಲೂ ಹೋಗಲೂ ಆಗುವ ಹಾಗೆ ಮಾಡುವುದು. ಕಸುಬನ್ನು ಉಳಿಸಲು ಮನುಷ್ಯನನ್ನು ಅದರಲ್ಲೇ ಹೂತುಹಾಕುವುದಕ್ಕೆ ಬೆಂಬಲ ಎಂಬ ಹೆಸರು ಸಲ್ಲದು.

ಹರಳಯ್ಯನ ಕತೆ ನಿಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣ ಪಟ್ಟಣ. ಸಮಗಾರ ಹರಳಯ್ಯ ‘ಶರಣು’ ಎಂದದ್ದಕ್ಕೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದರಂತೆ. ಒಂದಕ್ಕೆ ಎರಡು ಸಿಕ್ಕಿದ್ದನ್ನು ಋಣವೆಂದುಕೊಂಡು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರಂತೆ. ಬಸವಣ್ಣ ಅದನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು ಎನ್ನುತ್ತದೆ ಕತೆ. ಉಪನ್ಯಾಸಕಾರರು ಇಲ್ಲಿಗೆ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. ನಾವು ಮುಂದಿನದನ್ನೂ ಹೇಳಬೇಕು. ಹರಳಯ್ಯನ ಮಗನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳಿಗೂ ಮದುವೆಯಾಯಿತು. ಆಗ ಕಲ್ಯಾಣಕ್ಕೆ ಬೆಂಕಿ ಬಿತ್ತು. ಇಬ್ಬರು ತಂದೆಯರಿಗೂ ಘೋರ ಮರಣದಂಡನೆಯಾಯಿತು. ಶರಣರು ದಿಕ್ಕಾಪಾಲಾದರು.

ಇದರ ಅರ್ಥವೇನು? ಹರಳಯ್ಯ ಚಪ್ಪಲಿ ಕೊಡುವವರೆಗೆ ಪಟ್ಟಣ ಸುಮ್ಮನಿತ್ತು. ಬೀಗನಾಗಲು ಬಂದಾಗ ಕೊಂದಿತು. ಬಸವಣ್ಣ ಚಪ್ಪಲಿಯನ್ನು ಹೊತ್ತ ತಲೆಯೊಳಗೆ ಸಂಬಂಧದ ವಿಚಾರವೂ ಇತ್ತು. ಆ ಮದುವೆಯನ್ನು ಶರಣರು ಮಾಡಿಸಿದರು. ಪಟ್ಟಣಕ್ಕೆ ಬೇಕಾಗಿದ್ದದ್ದು ಚಪ್ಪಲಿ ಮಾತ್ರ. ಇವತ್ತಿನ ಬೆಂಗಳೂರು ಇಬ್ಬರಲ್ಲಿ ಯಾರ ವಾರಸುದಾರ? ಶರಣರದೋ, ಆ ಪಟ್ಟಣದ್ದೋ?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಮನೆ ಬಾಡಿಗೆಗೆ ಕೇಳಿ ನೋಡಿ. ಡಿಗ್ರಿ ಹಿಡಿದು, ಇಸ್ತ್ರಿ ಶರಟು ಹಾಕಿಕೊಂಡು, ಅಡ್ವಾನ್ಸ್ ಹಣ ಜೇಬಿನಲ್ಲಿಟ್ಟುಕೊಂಡು ನಮ್ಮವರು ಹೋಗುತ್ತಾರೆ. ಯಜಮಾನರು ಒಳ್ಳೆಯವರೇ. ನಡುಮನೆಯ ಗೋಡೆಯಲ್ಲಿ ಬಿದಿರಿನ ಮೊರ ಬಣ್ಣ ಬಳಿದುಕೊಂಡು ತೂಗುತ್ತಿರುತ್ತದೆ, ಮೂಲೆಯಲ್ಲಿ ಮಣ್ಣಿನ ಹೂಜಿ, ಬಾಗಿಲ ಬಳಿ ಕೊಲ್ಲಾಪುರಿ ಚಪ್ಪಲಿ. ಎಲ್ಲವೂ ಕೈಕಸುಬಿನವರಿಂದ ಕೊಂಡದ್ದು. ಕಾಫಿ ಬರುತ್ತದೆ. ಆಮೇಲೆ ಮೆಲ್ಲಗೆ, ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ಹೇಳಿದರೆ, ‘ನೋಡಿ, ನಮ್ಮನೇಲಿ ಪೂಜೆ ಪುನಸ್ಕಾರ ಜಾಸ್ತಿ, ನೀವು ನಾನ್‌ವೆಜ್ಜು... ಫೋನ್ ಮಾಡ್ತೀವಿ ಬಿಡಿ.’ ಫೋನು ಬರುವುದಿಲ್ಲ. ಮೊರಕ್ಕೆ ಮನೆಯಲ್ಲಿ ಜಾಗವಿದೆ, ಮೊರ ಹೆಣೆದವರ ಮಕ್ಕಳಿಗೆ ಮಹಡಿಯ ಮೇಲೂ ಜಾಗವಿಲ್ಲ. ನಗರದ ಕಾಣದ ಮೂಲೆಯನ್ನು ಕಂಡುಹಿಡಿಯಬೇಕೆಂದವರು ಮೊದಲು ಈ ಮೂಲೆಯನ್ನು, ತಮ್ಮ ಮನೆಯ ಹೊಸಿಲನ್ನು, ಕಂಡುಹಿಡಿಯಬೇಕು.

ಬೀದಿಯ ಮಾತೂ ಇದೆ. ಪಾಟರಿ ಟೌನ್‌ಗೆ ಹೋಗಿ ಗಣೇಶ, ದೀಪ, ಹೂಕುಂಡ ಕೊಳ್ಳುತ್ತೀರಿ. ಮೆಟ್ರೋದ ಗುಲಾಬಿ ಮಾರ್ಗದ ಒಂದು ನೆಲದಡಿ ನಿಲ್ದಾಣಕ್ಕೂ ಅದೇ ಹೆಸರಿಟ್ಟಿದ್ದಾರೆ. ಹೆಸರು ಉಳಿಯಿತು. ಆದರೆ ಮಣ್ಣು ಎಲ್ಲಿದೆ? ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿದೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಆ ಸಂಪಂಗಿ ಕೆರೆಯ ಆಸುಪಾಸಿನಲ್ಲಿ ತೋಟ ಮಾಡುತ್ತಿದ್ದ ತಿಗಳರ ಕರಗವನ್ನು ನೋಡಲು ಚೈತ್ರದ ಹುಣ್ಣಿಮೆಯ ರಾತ್ರಿ ನಗರವೆಲ್ಲ ಸೇರುತ್ತದೆ. ಕೆರೆಯಲ್ಲಿ ಉಳಿದದ್ದು ಶಾಸ್ತ್ರಕ್ಕೆ ಬೇಕಾದಷ್ಟು ನೀರಿನ ಒಂದು ಹೊಂಡ. ಕೆರೆ ನುಂಗಿದ ನಗರ ಕುಂಬಾರನ ದೀಪ ಕೊಳ್ಳುತ್ತದೆ, ತೋಟ ನುಂಗಿದ ನಗರ ಕರಗಕ್ಕೆ ಕೈ ಮುಗಿಯುತ್ತದೆ. ವಸ್ತು ಉಳಿಯಲಿ, ಉತ್ಸವ ಉಳಿಯಲಿ, ಅವು ಹುಟ್ಟಿದ ನೆಲ ಮಾತ್ರ ನಮಗಿರಲಿ ಎಂಬ ಲೆಕ್ಕಾಚಾರ ಇದು.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು ಎಂದು ವಿದ್ಯಾರ್ಥಿ ಗೆಳೆಯರು ಕೇಳುತ್ತಾರೆ. ಕೊಳ್ಳಿ. ಆದರೆ ಕೊಂಡದ್ದಕ್ಕೆ ಬೆನ್ನು ತಟ್ಟಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಹಾಕಿಕೊಳ್ಳಿ.

ಬೆಲೆ ಕಟ್ಟಿದವರು ಯಾರು? ತೊಗಲನ್ನೋ ಬಿದಿರನ್ನೋ ಸಾಲವಾಗಿ ಕೊಟ್ಟ ವ್ಯಾಪಾರಿಯೇ ತಯಾರಾದ ಮಾಲಿಗೂ ಬೆಲೆ ಕಟ್ಟಿದರೆ, ಮಾಡಿದವನು ತನ್ನ ಮನೆಯಲ್ಲೇ ಕೂಲಿಯಾಳು. ಅಥಣಿಯಲ್ಲಿ ಸ್ವಸಹಾಯ ಗುಂಪುಗಳು ಸೇರಿ ಟೋಹೋಲ್ಡ್ ಎಂಬ ಹೆಸರಿನಲ್ಲಿ ತಮ್ಮ ಚಪ್ಪಲಿಗೆ ತಾವೇ ಮಾರುಕಟ್ಟೆ ಹುಡುಕಿಕೊಂಡದ್ದು ಈ ಕಾರಣಕ್ಕೆ ದೊಡ್ಡ ಮಾತು. ಇನ್ನು ಮಾಲಿನಲ್ಲಿ ಬರೆದಷ್ಟು ದುಡ್ಡನ್ನು ಉಸಿರೆತ್ತದೆ ಕೊಟ್ಟು, ಮರದ ಕೆಳಗೆ ಕೂತವನ ಹತ್ತಿರ ‘ಹತ್ತು ರೂಪಾಯಿ ಬಿಡೋ’ ಎಂದು ಏಕವಚನದಲ್ಲಿ ಜಗ್ಗುವವರಿಗೆ ಏನು ಹೇಳುವುದು? ಬಹುವಚನವೂ ಬೆಲೆಯ ಒಂದು ಭಾಗವೇ.

ಎತ್ತಂಗಡಿಯ ದಿನ ನೀವು ಎಲ್ಲಿರುತ್ತೀರಿ? ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕಾನೂನೇ ಆಗಿದೆ. ಸಮೀಕ್ಷೆ ಮುಗಿದು ಗುರುತು ಚೀಟಿ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ ನಲವತ್ತು ಸದ್ಯಸ್ಯತ್ವ ವ್ಯಾಪಾರಿಗಳೇ ಆರಿಸಿದವರಿಗೆ ಇರಬೇಕು ಎನ್ನುತ್ತದೆ ಅದು. ಇದನ್ನು ಓದಿಕೊಂಡು ಪಾಲಿಕೆಯ ಲಾರಿಯ ಮುಂದೆ ನಿಲ್ಲುವುದಕ್ಕೆ ವಿದ್ಯಾವಂತರು ಬೇಕು. 2013ರ ಜನವರಿಯಲ್ಲಿ ಈಜಿಪುರದ ಬಡವರ ಮನೆಗಳನ್ನು ನೆಲಸಮ ಮಾಡಿದಾಗ ಚಳಿಯಲ್ಲಿ ಹೆಂಗಸರು ಮಕ್ಕಳು ಬೀದಿಯಲ್ಲಿ ಕೂತರು. ಅದೂ ನಗರದ ಒಂದು ಮೂಲೆಯೇ. ಅವತ್ತು ಅದನ್ನು ನೋಡಲು ನಡಿಗೆಯ ಗುಂಪುಗಳನ್ನು ಯಾರೂ ಕರೆದುಕೊಂಡು ಬರಲಿಲ್ಲ. ಜೊತೆಗೆ ನಿಂತವರು ಹೋರಾಟಗಾರರು, ಕೆಲವರು ವಿದ್ಯಾರ್ಥಿಗಳು.

ಮಾಡಿದವರ ಮಕ್ಕಳು ಏನಾಗಬೇಕೆಂದಿದ್ದಾರೆ? ಮೊಮ್ಮಗಳು ವಕೀಲೆಯಾಗುತ್ತೇನೆ ಎಂದರೆ ನಿಮಗೆ ಕಲೆ ಹೋಯಿತೆಂದು ಬೇಸರವಾಗುತ್ತದೋ, ಕೋರ್ಟಿನಲ್ಲಿ ಒಂದು ಹೊಸ ದನಿ ಬಂತೆಂದು ಸಂತೋಷವಾಗುತ್ತದೋ? ಮೀಸಲಾತಿಗೆ ಮೂಗು ಮುರಿಯುವವನು ಕೈಮಗ್ಗದ ಸೀರೆ ಉಟ್ಟರೂ, ತೊಗಲಿನ ಚೀಲ ತೂಗುಹಾಕಿಕೊಂಡರೂ ತಯಾರಿಸುವವರ ಮಿತ್ರನಲ್ಲ.

ಕೊನೆಯದು ಹರಳಯ್ಯನ ಪ್ರಶ್ನೆ. ಅವರಿಗೆ ನಿಮ್ಮ ಮನೆ ಬಾಡಿಗೆಗೆ ಸಿಗುತ್ತದೆಯೇ? ನಿಮ್ಮ ಪಂಕ್ತಿಯಲ್ಲಿ ಎಲೆ ಹಾಕುತ್ತೀರಾ? ನಿಮ್ಮ ಮನೆಗೆ ಸೊಸೆಯಾಗಿ, ಅಳಿಯನಾಗಿ ಬರಬಹುದೇ?

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಇದು ಬೆಂಗಳೂರಿನ ವಿಷಯ, ನಮಗೇಕೆ ಎನ್ನಬೇಡಿ. ನಿಮ್ಮ ತರಗತಿಯ ಮಕ್ಕಳಿಗೆ ಊರಿನ ನಕ್ಷೆ ಬರೆಯಲು ಹೇಳಿ. ಗುಡಿ, ಶಾಲೆ, ಹಾಲಿನ ಡೈರಿ, ಟ್ಯಾಂಕು, ಅಂಗಡಿ ಎಲ್ಲ ಬರೆಯುತ್ತಾರೆ. ಕೇರಿ ನಕ್ಷೆಯೊಳಗೆ ಬಂತೋ, ಹಾಳೆಯ ಅಂಚಿಗೆ ಬಿತ್ತೋ, ಬರೆಯದೇ ಹೋಯಿತೋ ನೋಡಿ. ಆಮೇಲೆ ಒಂದೊಂದು ವಸ್ತುವನ್ನು ಹೆಸರಿಸಿ ಕೇಳಿ: ಕಣದ ಮೊರ ಯಾರು ಮಾಡಿದ್ದು? ಎತ್ತಿನ ಬಾರುಕೋಲು ಯಾರು ಮಾಡಿದ್ದು? ಗುಡಿಯ ಮುಂದಿನ ತಮಟೆ ಯಾರು ಕಟ್ಟಿದ್ದು? ಅವರ ಮನೆ ನಕ್ಷೆಯಲ್ಲಿ ಎಲ್ಲಿದೆ? ಅವರಿಗೆ ಗುಡಿಯೊಳಗೆ ಜಾಗ ಎಲ್ಲಿದೆ? ಮಕ್ಕಳು ಉತ್ತರ ಹೇಳುತ್ತಾರೆ. ದೊಡ್ಡವರ ಹಾಗೆ ಮಾತು ಮರೆಸುವುದು ಅವರಿಗಿನ್ನೂ ಬರುವುದಿಲ್ಲ. ನಗರವಾಗಲಿ ಹಳ್ಳಿಯಾಗಲಿ, ಕಾಣದ ಭಾಗವನ್ನು ಕಾಣುವ ಕೆಲಸ ಆ ಹಾಳೆಯಿಂದ ಶುರುವಾಗಬಹುದು.

ನಮ್ಮ ಅಜ್ಜಂದಿರು ಮಾಡಿದ ಚಪ್ಪಲಿ ಜಗತ್ತಿನ ಯಾವ ನಗರದಲ್ಲಾದರೂ ನಡೆಯಲಿ. ಅದರ ಬೆಲೆ ಮಾಡಿದ ಕೈಗೆ ಬರಲಿ, ಅದರ ಜೊತೆ ಅವರ ಹೆಸರೂ ನಡೆಯಲಿ. ಅಷ್ಟಕ್ಕೆ ನಮ್ಮ ಲೆಕ್ಕ ಚುಕ್ತಾ ಆಗುವುದಿಲ್ಲ. ಚಪ್ಪಲಿಯನ್ನು ತಲೆಯ ಮೇಲೆ ಹೊತ್ತು ಮೆರೆಸುವುದು ಬೇಡ, ಕಾಲಿಗೇ ಹಾಕಿಕೊಳ್ಳಿ, ಅದು ಇರುವುದೇ ಅದಕ್ಕೆ. ಹರಳಯ್ಯನ ಮಗ ಬಾಗಿಲು ತಟ್ಟಿದಾಗ ಬಾಗಿಲು ತೆಗೆಯಿರಿ. ನಾವು ಕೇಳುತ್ತಿರುವುದು ಅದನ್ನು.